ಖಾತೆ ಹೋದರೂ ಕಿರ್ದಿ ಉಳಿಯಲಿ: ಎನ್‌ಕ್ರಿಪ್ಟ್ ಆದ ಬ್ಯಾಕಪ್ ಭಂಡಾರವನ್ನು ಕಟ್ಟುವ ಬಗೆ

ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಒಂದು ದಲಾಲಿ ಅಂಗಡಿಯ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಬೆಳಗ್ಗೆಯಿಂದ ರಾತ್ರಿಯವರೆಗೆ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಬರೆಯುವುದೇ ಕೆಲಸ. ಪ್ರತಿ ಪಟ್ಟಿಯ ಜೊತೆ ತೂಕದ ಚೀಟಿಯ ಸ್ಕ್ಯಾನ್, ರೈತರ ಪಾಸ್‌ಬುಕ್ಕಿನ ಫೋಟೊ ಇರುತ್ತದೆ. ಇವು ಕಳೆಯಲೂ ಬಾರದು, ಪರರ ಕಣ್ಣಿಗೆ ಬೀಳಲೂ ಬಾರದು.

ಅದಕ್ಕೆಂದು ನಾನು ಮೊದಲು ಬರೆದ ಬ್ಯಾಕಪ್ ಪ್ರೋಗ್ರಾಂ ಡೇಟಾವನ್ನು ತುಂಡು ಮಾಡಿ, ಎನ್‌ಕ್ರಿಪ್ಟ್ ಮಾಡಿ (ಕೀಲಿ ಇಲ್ಲದವರು ಓದಲಾಗದಂತೆ ಮಾಡಿ) ಡಿಸ್ಕಿಗೆ ಹಾಕುತ್ತಿತ್ತು. ಯಾವ ತುಂಡು ಎಲ್ಲಿದೆ ಎಂಬ ವಿವರವೆಲ್ಲ ಒಂದೇ ಇಂಡೆಕ್ಸ್ ಫೈಲಿನಲ್ಲಿ. ಆ ಫೈಲನ್ನು ದಿನಾ ರಾತ್ರಿ ಪೂರ್ತಿ ಹೊಸದಾಗಿ ಬರೆಯುತ್ತಿದ್ದೆ. ಒಂದು ರಾತ್ರಿ ಅದನ್ನು ಬರೆಯುವ ಹೊತ್ತಿಗೇ ಕರೆಂಟ್ ಹೋಯಿತು. ಬೆಳಗ್ಗೆ ನೋಡಿದರೆ ತುಂಡುಗಳೆಲ್ಲ ಹಾಗೇ ಇವೆ, ಇಂಡೆಕ್ಸ್ ಅರ್ಧಕ್ಕೆ ನಿಂತಿದೆ. ಅಂಗಡಿಯ ಮೂಲ ಡೇಟಾಗೆ ಏನೂ ಆಗಿರಲಿಲ್ಲವಾದ್ದರಿಂದ ನಷ್ಟವಾಗಲಿಲ್ಲ. ಆದರೆ ತಿಂಗಳುಗಟ್ಟಲೆ ಕೂಡಿಟ್ಟ ಬ್ಯಾಕಪ್ ಯಾವುದಕ್ಕೂ ಬಾರದ ಬೈಟುಗಳ ರಾಶಿಯಾಗಿತ್ತು.

ಅಂಗಡಿಯ ಹಿರಿಯ ಗುಮಾಸ್ತರಿಗೆ ಇದನ್ನು ಹೇಳಿದೆ. ಕಂಪ್ಯೂಟರ್ ಬರುವ ಮೊದಲು ಕೈಯಲ್ಲೇ ಲೆಕ್ಕ ಬರೆದವರು ಅವರು. "ಅಲ್ಲ ತಮ್ಮಾ, ಖಾತೆ ಪುಸ್ತಕ ನೆಂದು ಹೋದ್ರೆ ಕಿರ್ದಿ ನೋಡ್ಕಂಡು ಮತ್ತೆ ಬರೀತೀವಿ. ನಿನ್ನ ಕಂಪ್ಯೂಟರಿನಾಗೆ ಕಿರ್ದಿ ಎಲ್ಲೈತಿ?" ಅಂದರು.

ಕಿರ್ದಿ ಎಂದರೆ ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲೇ ಬರೆಯುವ ಪುಸ್ತಕ, ಖಾತೆ ಅದರಿಂದ ಹೆಸರುವಾರು ಎತ್ತಿ ಬರೆದದ್ದು. ನನ್ನ ಪ್ರೋಗ್ರಾಮಿನಲ್ಲಿ ಕಿರ್ದಿ ಎಲ್ಲೂ ಇರಲಿಲ್ಲ. ಈ ಲೇಖನದಲ್ಲಿ ಹೇಳುವ ರಚನೆ ಆ ಪ್ರಶ್ನೆಗೆ ಉತ್ತರವಾಗಿ ಕಟ್ಟಿದ್ದು. ನಿಮಗೆ ಬರೀ ಬ್ಯಾಕಪ್ ಬೇಕಿದ್ದರೆ ರೆಸ್ಟಿಕ್ ಅಥವಾ ಬೋರ್ಗ್ ಬಳಸಿ. ಎರಡೂ ಮುಕ್ತ ತಂತ್ರಾಂಶ, ಎರಡೂ ಬಹುಕಾಲ ಬಳಕೆಯಲ್ಲಿ ಪಳಗಿದವು. ಒಳಗೆ ಏನು ನಡೆಯುತ್ತದೆಂದು ತಿಳಿಯಬೇಕೆನ್ನುವವರಿಗೆ, ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಂಥದ್ದನ್ನು ಕಟ್ಟಹೊರಟ ಯುಬಿಡಿಟಿ, ಬಿಐಇಟಿಯಂಥ ಇಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಯಾರಿಂದ ಕಾಪಾಡಬೇಕು?

ಕೋಡ್ ಬರೆಯುವ ಮುಂಚೆ ಒಂದು ಹಾಳೆಯಲ್ಲಿ ಇದನ್ನು ಬರೆಯಿರಿ. ನನ್ನ ಹಾಳೆಯಲ್ಲಿ ಮೂವರಿದ್ದರು. ಡಿಸ್ಕ್ ಕದ್ದವನು ಒಬ್ಬ. ಬಾಡಿಗೆಗೆ ಪಡೆದ ಆನ್‌ಲೈನ್ ಜಾಗದಲ್ಲಿ ನಮ್ಮ ಫೈಲುಗಳನ್ನು ನೋಡಬಲ್ಲವನು, ಬದಲಿಸಲೂ ಬಲ್ಲವನು ಇನ್ನೊಬ್ಬ. ಮೂರನೆಯದು ಅಂಗಡಿಯ ಕಂಪ್ಯೂಟರಿಗೇ ಹೊಕ್ಕು, ಫೈಲುಗಳನ್ನು ಒತ್ತೆಯಿಟ್ಟು ಹಣ ಕೇಳುವ ರ‍್ಯಾನ್ಸಮ್‌ವೇರ್. ಮೊದಲ ಇಬ್ಬರು ಡೇಟಾ ಓದದಂತೆ, ತುಂಡುಗಳನ್ನು ಗುಟ್ಟಾಗಿ ತಿದ್ದದಂತೆ ಎನ್‌ಕ್ರಿಪ್ಷನ್ ತಡೆಯುತ್ತದೆ. ಮೂರನೆಯದರ ಮುಂದೆ ಅದು ಏನೂ ಮಾಡಲಾರದು, ಏಕೆಂದರೆ ಕೀಲಿ ಆ ಕಂಪ್ಯೂಟರಿನಲ್ಲೇ ಇದೆ. ಅಲ್ಲಿ ಕೆಲಸಕ್ಕೆ ಬರುವುದು ಒಂದೇ: ಹೊಸ ಫೈಲ್ ಸೇರಿಸಲು ಮಾತ್ರ ಅನುಮತಿಯಿದ್ದು, ಹಳೆಯದನ್ನು ಅಳಿಸಲು, ತಿದ್ದಲು ಬಿಡದ ಜಾಗ. ಆದ್ದರಿಂದ ರಚನೆಯ ಮೊದಲ ನಿಯಮವನ್ನು ಇಲ್ಲೇ ಗಟ್ಟಿ ಮಾಡಿಕೊಳ್ಳಿ. ಒಮ್ಮೆ ಬರೆದ ಫೈಲನ್ನು ಯಾವತ್ತೂ ತಿದ್ದುವುದಿಲ್ಲ. ಕಿರ್ದಿಯಲ್ಲೂ ಹೀಗೇ, ತಪ್ಪು ಬರೆದರೆ ಅಳಿಸಿ ಬರೆಯುವುದಿಲ್ಲ, ಮುಂದೆ ಇನ್ನೊಂದು ನಮೂದು ಹಾಕಿ ಸರಿಪಡಿಸುತ್ತಾರೆ.

ಕೀಲಿಗಳು

ಪಾಸ್‌ಫ್ರೇಸಿನಿಂದ (ಹಲವು ಪದಗಳ ಉದ್ದನೆಯ ಪಾಸ್‌ವರ್ಡ್) ನೇರವಾಗಿ ಡೇಟಾ ಎನ್‌ಕ್ರಿಪ್ಟ್ ಮಾಡಬೇಡಿ. ಭಂಡಾರ ಹುಟ್ಟಿದ ದಿನವೇ 32 ಬೈಟಿನ ಒಂದು ಯಾದೃಚ್ಛಿಕ (ರ‍್ಯಾಂಡಮ್) ಮೂಲಕೀಲಿ ತಯಾರಿಸಿ. ಪಾಸ್‌ಫ್ರೇಸಿನ ಕೆಲಸ ಆ ಮೂಲಕೀಲಿಯನ್ನು ಮುಚ್ಚಿಡುವುದಷ್ಟೇ. ಆಗ ಪಾಸ್‌ಫ್ರೇಸ್ ಬದಲಿಸಿದಾಗ ಹೊಸ ಪುಟ್ಟ ಕೀಲಿ ಫೈಲೊಂದನ್ನು ಬರೆದರೆ ಸಾಕು, 500 ಜಿಬಿ ಡೇಟಾವನ್ನು ಮುಟ್ಟಬೇಕಿಲ್ಲ. ಆದರೆ ಒಂದು ಎಚ್ಚರ. ಹಳೆಯ ಕೀಲಿ ಫೈಲಿನ ನಕಲು ಯಾರ ಬಳಿಯಾದರೂ ಇದ್ದು ಹಳೆಯ ಪಾಸ್‌ಫ್ರೇಸ್ ಗೊತ್ತಿದ್ದರೆ ಅವರು ಈಗಲೂ ಒಳಗೆ ಬರಬಲ್ಲರು. ಕೆಲಸ ಬಿಟ್ಟು ಹೋದವರಿಗೆ ಪಾಸ್‌ಫ್ರೇಸ್ ಗೊತ್ತಿತ್ತು ಅಂತಾದರೆ ಹೊಸ ಭಂಡಾರವನ್ನೇ ಶುರುಮಾಡಿ.

ಪಾಸ್‌ಫ್ರೇಸನ್ನು ಕೀಲಿಯಾಗಿಸಲು ಆರ್ಗಾನ್2ಐಡಿ ಬಳಸಿ. ಆರ್ಗಾನ್2 ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ 2015ರಲ್ಲಿ ಗೆದ್ದದ್ದು. ಅದನ್ನು ವಿವರಿಸುವ ಇಂಟರ್ನೆಟ್ ತಾಂತ್ರಿಕ ದಾಖಲೆ ಆರ್‌ಎಫ್‌ಸಿ 9106 ಬಂದದ್ದು 2021ರಲ್ಲಿ. ಮೆಮೊರಿ ಕಡಿಮೆಯಿರುವ ಯಂತ್ರಗಳಿಗೆ ಅದು ಹೇಳುವ ಅಳತೆ 64 ಮೆಬಿಬೈಟ್ (ಒಂದು ಮೆಬಿಬೈಟ್ ಅಂದರೆ 10,48,576 ಬೈಟ್) ಮೆಮೊರಿ, 3 ಸುತ್ತು, ಒಟ್ಟಿಗೆ ನಡೆಯುವ 4 ಎಳೆ. ಅಂಗಡಿಯ ಹಳೆಯ ಕಂಪ್ಯೂಟರಿಗೆ ನಾನು ಇದನ್ನೇ ಇಟ್ಟಿದ್ದೇನೆ. ಈ ಅಂಕಿಗಳನ್ನು ಪ್ರೋಗ್ರಾಮಿನೊಳಗೆ ಹುದುಗಿಸಬೇಡಿ, ಕೀಲಿ ಫೈಲಿನಲ್ಲೇ ಬರೆದಿಡಿ. ಮುಂದೆ ಹೆಚ್ಚಿಸಿದಾಗ ಹಳೆಯ ಫೈಲುಗಳೂ ತೆರೆಯಬೇಕಲ್ಲ.

ಮೂಲಕೀಲಿಯಿಂದ ಎಚ್‌ಕೆಡಿಎಫ್ (ಒಂದು ಕೀಲಿಯಿಂದ ಬೇರೆ ಬೇರೆ ಕೀಲಿ ಹುಟ್ಟಿಸುವ ವಿಧಾನ) ಮೂಲಕ ಮೂರು ಮರಿಕೀಲಿ ತೆಗೆಯಿರಿ: ಎನ್‌ಕ್ರಿಪ್ಟ್ ಮಾಡಲು ಒಂದು, ತುಂಡುಗಳಿಗೆ ಗುರುತುಸಂಖ್ಯೆ ಕೊಡಲು ಒಂದು, ತುಂಡು ಎಲ್ಲಿ ಕತ್ತರಿಸಬೇಕೆಂದು ನಿರ್ಧರಿಸಲು ಒಂದು. ಮೂರನೆಯದು ಏಕೆಂದು ಈಗ ನೋಡೋಣ.

ತುಂಡು ಮಾಡುವುದು

ಫೈಲನ್ನು 1 ಎಂಬಿಯಂತೆ ಸಮನಾಗಿ ಕತ್ತರಿಸಿದರೆ ಏನಾಗುತ್ತದೆ? ಲೆಕ್ಕದ ಫೈಲಿನ ಆರಂಭದಲ್ಲಿ ಒಂದೇ ಒಂದು ಬೈಟ್ ಸೇರಿದರೂ ಅದರ ಮುಂದಿನದೆಲ್ಲ ಒಂದು ಸ್ಥಾನ ಸರಿಯುತ್ತದೆ, ಎಲ್ಲ ತುಂಡುಗಳೂ ಹೊಸತಾಗುತ್ತವೆ. ನಿನ್ನೆ ಉಳಿಸಿದ್ದನ್ನು ಇವತ್ತು ಮತ್ತೆ ಪೂರ್ತಿ ಉಳಿಸಬೇಕಾಗುತ್ತದೆ.

ಇದಕ್ಕೆ ಪರಿಹಾರ, ಎಲ್ಲಿ ಕತ್ತರಿಸಬೇಕೆಂಬುದನ್ನು ಡೇಟಾವೇ ಹೇಳುವಂತೆ ಮಾಡುವುದು. 64 ಬೈಟಿನ ಒಂದು ಕಿಟಕಿಯನ್ನು ಫೈಲಿನ ಮೇಲೆ ಒಂದೊಂದೇ ಬೈಟ್ ಜರುಗಿಸುತ್ತ, ಆ 64 ಬೈಟಿನ ಉರುಳು ಹ್ಯಾಶ್ ಲೆಕ್ಕ ಹಾಕುತ್ತ ಹೋಗಬೇಕು. ಹ್ಯಾಶ್ ಎಂದರೆ ಡೇಟಾದಿಂದ ಲೆಕ್ಕ ಹಾಕಿ ತೆಗೆದ ಚಿಕ್ಕ ಸಂಖ್ಯೆ; ಕಿಟಕಿ ಜರುಗಿದಂತೆ ಅದನ್ನು ಸುಲಭವಾಗಿ ಹೊಸದಾಗಿಸಬಹುದಾದರೆ ಅದು ಉರುಳು ಹ್ಯಾಶ್. ಹ್ಯಾಶಿನ ಕೊನೆಯ 20 ಬಿಟ್‌ಗಳು ಸೊನ್ನೆ ಆದಲ್ಲಿ ಕತ್ತರಿಸಬೇಕು. 20 ಬಿಟ್ ಸೊನ್ನೆಯಾಗುವ ಸಂಭವ 10,48,576ರಲ್ಲಿ ಒಂದು, ಹಾಗಾಗಿ ತುಂಡುಗಳು ಸರಾಸರಿ 1 ಮೆಬಿಬೈಟ್ ಆಸುಪಾಸಿನಲ್ಲಿ ಬೀಳುತ್ತವೆ. ನಡುವೆ ಏನಾದರೂ ಸೇರಿದರೆ ಆ ಜಾಗದ ಒಂದೆರಡು ತುಂಡು ಮಾತ್ರ ಬದಲಾಗುತ್ತದೆ, ಅದರಾಚೆ ಕತ್ತರಿಯ ಗುರುತುಗಳು ಮತ್ತೆ ಹಳೆಯ ಜಾಗಕ್ಕೇ ಬಂದು ಸೇರುತ್ತವೆ. ರೆಸ್ಟಿಕ್ ಮಾಡುವುದು ಇದನ್ನೇ. ಅದರಲ್ಲಿ ಕನಿಷ್ಠ 512 ಕಿಬಿಬೈಟ್, ಗರಿಷ್ಠ 8 ಮೆಬಿಬೈಟ್ ಎಂಬ ಮಿತಿಯೂ ಇದೆ. ಮಿತಿ ಇಡಲೇಬೇಕು. ಬರೀ ಸೊನ್ನೆ ತುಂಬಿದ ಫೈಲೊಂದು ಸಿಕ್ಕರೆ, ಮಿತಿಯಿಲ್ಲದ ಪ್ರೋಗ್ರಾಂ ಒಂದೋ ಪ್ರತಿ ಬೈಟಿಗೂ ಕತ್ತರಿಸುತ್ತದೆ, ಇಲ್ಲವೇ ಎಲ್ಲೂ ಕತ್ತರಿಸುವುದಿಲ್ಲ.

ಕತ್ತರಿಗೂ ಗುಟ್ಟಿನ ಕೀಲಿ ಬೇಕಾಗುವುದು ಇಲ್ಲಿ. ಎಲ್ಲರಿಗೂ ಸಿಗುವ ಒಂದು ಫೈಲ್, ಸರ್ಕಾರಿ ಆದೇಶದ ಪಿಡಿಎಫ್ ಅಂದುಕೊಳ್ಳಿ, ಎಲ್ಲರ ಕಂಪ್ಯೂಟರಿನಲ್ಲೂ ಒಂದೇ ರೀತಿ ತುಂಡಾದರೆ ಆ ತುಂಡುಗಳ ಉದ್ದಗಳ ಸಾಲೇ ಅದರ ಬೆರಳಚ್ಚು ಆಗುತ್ತದೆ. ಒಳಗಿರುವುದನ್ನು ಓದಲಾಗದವನೂ ಉದ್ದ ಅಳೆದು, ಈ ಫೈಲ್ ನಿಮ್ಮಲ್ಲಿದೆ ಎಂದು ಹೇಳಬಲ್ಲ. ರೆಸ್ಟಿಕ್ ಪ್ರತಿ ಭಂಡಾರಕ್ಕೂ ಉರುಳು ಹ್ಯಾಶಿನ ಲೆಕ್ಕಕ್ಕೆ ಬೇರೆ ಬಹುಪದೋಕ್ತಿ (ಪಾಲಿನಾಮಿಯಲ್) ಆರಿಸುತ್ತದೆ, ಬೋರ್ಗ್ ಗುಟ್ಟಿನ ಬೀಜಸಂಖ್ಯೆ ಇಡುತ್ತದೆ. ಇದು ಪೂರ್ಣ ರಕ್ಷಣೆಯಲ್ಲ, ಬೆರಳಚ್ಚು ಹಿಡಿಯುವುದನ್ನು ಕಷ್ಟವಾಗಿಸುತ್ತದೆ ಅಷ್ಟೇ.

ಗುರುತುಸಂಖ್ಯೆಯ ವಿಷಯದಲ್ಲೂ ಇದೇ ಮಾತು. ತುಂಡಿನ ಬರೀ ಎಸ್‌ಎಚ್‌ಎ-256 ಹ್ಯಾಶ್ ಹೊರಗೆ ಕಾಣುವಂತಿದ್ದರೆ ಆ ತುಂಡು ಗೊತ್ತಿರುವ ಯಾರೇ ಆದರೂ ಅದು ನಿಮ್ಮಲ್ಲಿದೆಯೇ ಎಂದು ತಾಳೆ ನೋಡಬಹುದು. ಮರಿಕೀಲಿ ಸೇರಿಸಿ ಎಚ್‌ಮ್ಯಾಕ್, ಅಂದರೆ ಕೀಲಿ ಬೆರೆಸಿದ ಹ್ಯಾಶ್, ತೆಗೆಯಿರಿ. ಒಂದೇ ತುಂಡು ಎರಡನೇ ಸಲ ಬಂದಾಗ ಅದೇ ಗುರುತು ಬರುತ್ತದೆ, ಉಳಿಸುವುದನ್ನು ಬಿಡಬಹುದು. ಹೊರಗಿನವರಿಗೆ ಮಾತ್ರ ಅದರಿಂದ ಏನೂ ತಿಳಿಯುವುದಿಲ್ಲ.

ಎನ್‌ಕ್ರಿಪ್ಟ್ ಮಾಡುವುದು

ಕುಗ್ಗಿಸುವುದಿದ್ದರೆ ಮೊದಲು ಕುಗ್ಗಿಸಿ, ಆಮೇಲೆ ಎನ್‌ಕ್ರಿಪ್ಟ್ ಮಾಡಿ. ಎನ್‌ಕ್ರಿಪ್ಟ್ ಆದದ್ದು ಕುಗ್ಗುವುದಿಲ್ಲ. ಜೆಪೆಗ್ ಫೋಟೊಗಳು ಮೊದಲೇ ಕುಗ್ಗಿರುತ್ತವೆ, ಅವನ್ನು ಹಾಗೇ ಬಿಡಿ.

ಇಲ್ಲಿ ಬಹಳ ಜನ ಎಡವುವುದು ನಾನ್ಸ್ ವಿಷಯದಲ್ಲಿ. ಪ್ರತಿ ಸಲ ಎನ್‌ಕ್ರಿಪ್ಟ್ ಮಾಡುವಾಗ ಕೀಲಿಯ ಜೊತೆ ಕೊಡಬೇಕಾದ, ಆ ಕೀಲಿಯ ಜೊತೆ ಮತ್ತೆಂದೂ ಬರಬಾರದ ಸಂಖ್ಯೆ ಅದು. ಒಂದೇ ಕೀಲಿ, ಒಂದೇ ನಾನ್ಸ್ ಎರಡು ತುಂಡಿಗೆ ಬಳಸಿದರೆ ಎರಡಕ್ಕೂ ಒಂದೇ ಮುಸುಕು ಹಾಕಿದಂತೆ. ಎರಡನ್ನೂ ಎಕ್ಸ್‌ಓರ್ ಮಾಡಿದಾಗ (ಬಿಟ್ಟಿಗೆ ಬಿಟ್ ಹೋಲಿಸಿ, ಬೇರೆಯಿದ್ದಲ್ಲಿ 1, ಒಂದೇ ಇದ್ದಲ್ಲಿ 0 ಇಟ್ಟಾಗ) ಮುಸುಕು ಕಳಚಿ ಬೀಳುತ್ತದೆ. 2011ರ ಜನವರಿಯಲ್ಲಿ ಟಾರ್‌ಸ್ನ್ಯಾಪ್ ಎಂಬ ಬ್ಯಾಕಪ್ ಸೇವೆಯಲ್ಲಿ ಇದೇ ದೋಷ ಹೊರಬಂತು. ಕೋಡನ್ನು ಮರುಜೋಡಿಸುವಾಗ ನಾನ್ಸನ್ನು ಒಂದರಿಂದ ಹೆಚ್ಚಿಸುವ ಕೆಲಸ ಬಿಟ್ಟುಹೋಗಿತ್ತು. ಅದನ್ನು ಬರೆದ ಕಾಲಿನ್ ಪರ್ಸಿವಲ್ ಎಸ್‌ಕ್ರಿಪ್ಟ್ ಎಂಬ ಹೆಸರಾಂತ ಕೀಲಿ ವಿಧಾನವನ್ನು 2009ರಲ್ಲಿ ಕೊಟ್ಟವರು. ದೋಷವನ್ನು ಅವರು ತಾವೇ ಬಹಿರಂಗವಾಗಿ ವಿವರಿಸಿ ಸರಿಪಡಿಸಿದರು. ಅಷ್ಟು ಬಲ್ಲವರ ಕೋಡಿನಲ್ಲೂ ನುಸುಳಿದ ತಪ್ಪು ನಮ್ಮ ಕೋಡಿನಲ್ಲಿ ನುಸುಳದೆ ಇರದು. ಆದ್ದರಿಂದ ತಪ್ಪಿಗೆ ಜಾಗವೇ ಇಲ್ಲದಂತೆ ರಚನೆ ಮಾಡಬೇಕು.

ಎಣಿಕೆಯ ನಾನ್ಸ್ ಬ್ಯಾಕಪ್‌ಗೆ ಒಗ್ಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಎಣಿಕೆ ಎಲ್ಲಿಯವರೆಗೆ ಬಂತೆಂದು ಕಂಪ್ಯೂಟರ್ ನೆನಪಿಡಬೇಕು. ಆ ಕಂಪ್ಯೂಟರನ್ನೇ ಹಳೆಯ ಬ್ಯಾಕಪ್‌ನಿಂದ ಮರಳಿ ತಂದರೆ ಎಣಿಕೆಯೂ ಹಿಂದಕ್ಕೆ ಹೋಗುತ್ತದೆ, ಬಳಸಿದ ಸಂಖ್ಯೆಗಳು ಮತ್ತೆ ಬರುತ್ತವೆ. ಯಾದೃಚ್ಛಿಕ ನಾನ್ಸ್ ಇಡಿ, ಅದೂ ಉದ್ದವಾದದ್ದು. ಎಇಎಸ್-ಜಿಸಿಎಂ ಎಂಬ ಎನ್‌ಕ್ರಿಪ್ಟ್ ವಿಧಾನದ ನಾನ್ಸ್ 96 ಬಿಟ್ ಮಾತ್ರ. ಯಾದೃಚ್ಛಿಕವಾಗಿ ಬಳಸುವುದಾದರೆ ಒಂದು ಕೀಲಿಗೆ 2ರ 32ನೇ ಘಾತ, ಅಂದರೆ ಸುಮಾರು 429 ಕೋಟಿ ಸಲದ ಮಿತಿ ಇದೆ. ಎಕ್ಸ್‌ಚಾಚಾ20-ಪಾಲಿ1305 ಎಂಬ ಇನ್ನೊಂದು ವಿಧಾನದಲ್ಲಿ 192 ಬಿಟ್ ಸಿಗುತ್ತದೆ, ಮಿತಿಯ ಚಿಂತೆ ಬಿಡಬಹುದು. ನಾನು ಆರಿಸಿಕೊಂಡದ್ದು ಅದನ್ನೇ.

ಎನ್‌ಕ್ರಿಪ್ಟ್ ಮಾಡುವಾಗ ತುಂಡಿನ ಬಗೆ, ಗುರುತುಸಂಖ್ಯೆ, ರಚನೆಯ ಆವೃತ್ತಿ ಸಂಖ್ಯೆ ಈ ಮೂರನ್ನೂ ಜೊತೆಡೇಟಾ ಆಗಿ ಕೊಡಿ. ಅವು ಗುಟ್ಟಾಗುವುದಿಲ್ಲ, ಆದರೆ ತುಂಡಿಗೆ ಅಂಟಿಕೊಳ್ಳುತ್ತವೆ. ಚೀಲದ ಬಾಯಿಗೆ ಚೀಟಿ ಹೊಲಿದಂತೆ. ಯಾರಾದರೂ ಒಂದು ತುಂಡಿನ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ತೆರೆಯುವಾಗಲೇ ಗೊತ್ತಾಗುತ್ತದೆ.

ಮೂಟೆ ಕಟ್ಟುವುದು: ಕಿರ್ದಿ ಇರುವುದು ಇಲ್ಲಿ

500 ಜಿಬಿ ಡೇಟಾವನ್ನು 1 ಮೆಬಿಬೈಟಿನ ತುಂಡು ಮಾಡಿದರೆ ಸುಮಾರು 4.77 ಲಕ್ಷ ಫೈಲುಗಳಾಗುತ್ತವೆ. ಅಷ್ಟನ್ನು ಆನ್‌ಲೈನ್ ಜಾಗಕ್ಕೆ ಒಂದೊಂದಾಗಿ ಕಳಿಸಿದರೆ ಸಮಯವೆಲ್ಲ ಬರೀ ಹೋಗಿ ಬರುವುದಕ್ಕೇ ಆಗುತ್ತದೆ. ಹಾಗೆಂದು ಎಲ್ಲವನ್ನೂ ಒಂದೇ ದೈತ್ಯ ಫೈಲ್ ಮಾಡಬೇಡಿ. ಎಫ್‌ಎಟಿ32 ಪೆನ್‌ಡ್ರೈವ್‌ಗೆ 4 ಜಿಬಿ ಮೀರಿದ ಫೈಲ್ ಹಿಡಿಯುವುದಿಲ್ಲ, ಕಳಿಸುವಾಗ ನಡುವೆ ಕಡಿದರೆ ಮೊದಲಿಂದ ಶುರು. ಹದಿನಾರು ಮೆಬಿಬೈಟ್ ಆಗುವವರೆಗೆ ತುಂಡುಗಳನ್ನು ತುಂಬಿ ಒಂದು ಮೂಟೆ ಕಟ್ಟಿ. ಆಗ ಸುಮಾರು 30,000 ಫೈಲ್ ಸಾಕು.

ಮೂಟೆಯ ಒಳಗಿನ ಜೋಡಣೆ ಹೀಗೆ. ಮೊದಲ 8 ಬೈಟ್ ನಿಮ್ಮ ರಚನೆಯ ಗುರುತಿನ ಮುದ್ರೆ, ಆಮೇಲೆ 2 ಬೈಟ್ ಆವೃತ್ತಿ ಸಂಖ್ಯೆ. ಅದರ ಹಿಂದೆ ತುಂಡುಗಳು ಒಂದರ ಬೆನ್ನಿಗೆ ಒಂದು: 24 ಬೈಟ್ ನಾನ್ಸ್, ಎನ್‌ಕ್ರಿಪ್ಟ್ ಆದ ಡೇಟಾ, 16 ಬೈಟ್ ದೃಢೀಕರಣ (ಡೇಟಾ ಬದಲಾಗಿಲ್ಲವೆಂದು ತೋರಿಸುವ ಸಂಖ್ಯೆ). ಎಲ್ಲ ತುಂಡು ಮುಗಿದ ಮೇಲೆ ಒಂದು ಪಟ್ಟಿ; ಪ್ರತಿ ತುಂಡಿಗೂ ಬಗೆ 1 ಬೈಟ್, ಗುರುತು 32, ಮೂಟೆಯಲ್ಲಿನ ಉದ್ದ 4, ಕುಗ್ಗಿಸುವ ಮುಂಚಿನ ಉದ್ದ 4, ಒಟ್ಟು 41 ಬೈಟ್. ಈ ಪಟ್ಟಿಯೂ ಎನ್‌ಕ್ರಿಪ್ಟ್ ಆಗಿರಬೇಕು. ಫೈಲಿನ ಕಟ್ಟಕಡೆಯ 4 ಬೈಟ್ ಆ ಪಟ್ಟಿಯ ಉದ್ದ. ಪಟ್ಟಿಯನ್ನು ಕೊನೆಗೆ ಇಡುವುದಕ್ಕೆ ಕಾರಣ, ಎಷ್ಟು ತುಂಡು ಹಿಡಿಯುತ್ತವೆಂದು ಮೂಟೆ ತುಂಬಿದ ಮೇಲೇ ತಿಳಿಯುವುದು. ರೆಸ್ಟಿಕ್‌ನಲ್ಲೂ ಪಟ್ಟಿ ಕೊನೆಗೇ ಇದೆ.

ಗುಮಾಸ್ತರು ಕೇಳಿದ ಕಿರ್ದಿ ಈ ಬಾಲದ ಪಟ್ಟಿ. ಇಂಡೆಕ್ಸ್ ಎಂಬುದು ಬೇಗ ಹುಡುಕಲೆಂದು ಇದರಿಂದ ಎತ್ತಿ ಬರೆದ ಖಾತೆ ಮಾತ್ರ. ಇಂಡೆಕ್ಸ್ ಪೂರ್ತಿ ನಾಶವಾದರೆ ಪ್ರತಿ ಮೂಟೆಯ ಬಾಲವನ್ನಷ್ಟೇ ಓದಿ ಮತ್ತೆ ಕಟ್ಟಬಹುದು. ಹದಿನಾರು ತುಂಡಿನ ಮೂಟೆಯ ಬಾಲ ನಾನ್ಸ್, ದೃಢೀಕರಣ, ಕಟ್ಟಕಡೆಯ 4 ಬೈಟ್ ಸೇರಿ 700 ಬೈಟ್ ಆಗುತ್ತದೆ. 30,000 ಮೂಟೆಗಳಿಗೆ 21 ಎಂಬಿ. ಐನೂರು ಜಿಬಿಯ ಭಂಡಾರದ ಖಾತೆಯನ್ನು 21 ಎಂಬಿ ಓದಿ ಮತ್ತೆ ಬರೆಯಬಹುದು! ನನ್ನ ಹಳೆಯ ರಚನೆಯಲ್ಲಿ ಈ ಬಾಲ ಒಂದು ಇದ್ದಿದ್ದರೆ ಆ ಬೆಳಗ್ಗೆ ಚಹಾ ಕುಡಿಯುವಷ್ಟರಲ್ಲಿ ಎಲ್ಲ ಸರಿಹೋಗುತ್ತಿತ್ತು.

ಮೂಟೆಗೆ ಹೆಸರೇನು? ಎನ್‌ಕ್ರಿಪ್ಟ್ ಆದ ಇಡೀ ಫೈಲಿನ ಎಸ್‌ಎಚ್‌ಎ-256, ಷೋಡಶಮಾನದಲ್ಲಿ (ಒಂದು ಬೈಟಿಗೆ ಎರಡು ಅಕ್ಷರದಂತೆ, 0–9 ಮತ್ತು a–f ಬಳಸಿ) 64 ಅಕ್ಷರ. ಇದು ಮುಸುಕಿನ ಹೊರಗಿನ ಹ್ಯಾಶ್ ಆದ್ದರಿಂದ ಗುಟ್ಟೇನೂ ಸೋರುವುದಿಲ್ಲ. ಕೀಲಿ ಇಲ್ಲದವರೂ ಮೂಟೆ ಕೆಟ್ಟಿದೆಯೇ ಎಂದು ಪರೀಕ್ಷಿಸಬಹುದು. ಅಂಗಡಿಯಲ್ಲಿ ಈ ಕೆಲಸವನ್ನು ಪಾಸ್‌ಫ್ರೇಸ್ ಗೊತ್ತಿಲ್ಲದ ಹುಡುಗನೇ ವಾರಕ್ಕೊಮ್ಮೆ ಮಾಡುತ್ತಾನೆ.

ಕನ್ನಡ ಹೆಸರುಗಳು

ಇದನ್ನು ಬೇರೆಡೆ ಓದಿ ಕಲಿಯಲು ನನಗೆ ಆಗಲಿಲ್ಲ, ಪೆಟ್ಟು ತಿಂದೇ ಕಲಿತೆ. ಹರಿಹರದ ಹತ್ತಿರದ ಕೊಂಡಜ್ಜಿ ಊರಿನ ಹೆಸರಿನಲ್ಲಿ ಅಂಗಡಿಯಲ್ಲಿ ಒಂದು ಫೋಲ್ಡರ್ ಇತ್ತು. ಎರಡು ಕಂಪ್ಯೂಟರಿನಿಂದ ಬ್ಯಾಕಪ್ ಆದಾಗ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಕೊಂಡಜ್ಜಿ ಬಂದವು. ಯುನಿಕೋಡಿನಲ್ಲಿ ‘ಕೊ’ ಬರೆಯಲು ಎರಡು ದಾರಿ ಇವೆ. ಕ ಆದ ಮೇಲೆ ಒ-ಕಾರದ ಒಂದೇ ಸಂಕೇತ ಹಾಕಬಹುದು, ಇಲ್ಲವೇ ಎ-ಕಾರ ಮತ್ತು ಊ-ಕಾರದ ಗುರುತುಗಳನ್ನು ಒಂದರ ಹಿಂದೆ ಒಂದು ಇಡಬಹುದು. ತೋರುವ ರೂಪ ಒಂದೇ, ಬೈಟುಗಳು ಬೇರೆ.

ಫೈಲಿನ ಹೆಸರನ್ನು ಬೈಟುಗಳು ಹೇಗೆ ಬಂದವೋ ಹಾಗೇ ಇಡಿ, ನೀವು ತಿದ್ದಬೇಡಿ. ಮರಳಿ ಕೊಡುವಾಗ ಮೂಲದಂತೆಯೇ ಕೊಡಬೇಕು. ಪಾಸ್‌ಫ್ರೇಸ್ ವಿಷಯದಲ್ಲಿ ತದ್ವಿರುದ್ಧ. ಆರ್ಗಾನ್‌ಗೆ ಕೊಡುವ ಮುಂಚೆ ಯುನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಎರಡು ದಾರಿಗಳನ್ನು ಒಂದೇ ಮಾಡುವ ರೂಪಕ್ಕೆ, ತನ್ನಿ. ಇಲ್ಲದಿದ್ದರೆ ಒಂದು ಕೀಲಿಮಣೆಯಲ್ಲಿ ಇಟ್ಟ ಕನ್ನಡ ಪಾಸ್‌ಫ್ರೇಸ್ ಇನ್ನೊಂದು ಕೀಲಿಮಣೆಯಲ್ಲಿ ಅಕ್ಷರಕ್ಷರ ಸರಿಯಾಗಿ ಒತ್ತಿದರೂ ತೆರೆಯದೇ ಹೋಗಬಹುದು.

ಪ್ರತಿ ಫೈಲಿನ ಹೆಸರನ್ನು ಎನ್‌ಕ್ರಿಪ್ಟ್ ಮಾಡಿ ಅದನ್ನೇ ಹೊಸ ಫೈಲಿನ ಹೆಸರಾಗಿಸುವ ರಚನೆಗಳೂ ಇವೆ. ಕನ್ನಡಕ್ಕೆ ಅವು ಇಕ್ಕಟ್ಟು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ಒಂದು ಒತ್ತಕ್ಷರಕ್ಕೆ ಮೂರು ನಾಲ್ಕು ಸಂಕೇತ. ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ಹೆಸರಿಗೆ 255 ಬೈಟ್ ಮಿತಿ, ಅಂದರೆ 85 ಸಂಕೇತ. ಅದರ ಮೇಲೆ, ಎನ್‌ಕ್ರಿಪ್ಟ್ ಆದ ಬೈಟುಗಳನ್ನು ಹೆಸರಿಗೆ ಒಪ್ಪುವ ಅಕ್ಷರಗಳಾಗಿಸಲು ಬೇಸ್64 ಮಾಡಿದರೆ ಮೂರರಲ್ಲೊಂದು ಪಾಲು ಹೆಚ್ಚುತ್ತದೆ, 63 ಸಂಕೇತಕ್ಕೇ ಗೋಡೆ ಬರುತ್ತದೆ. ಹೆಸರು, ತಾರೀಖು, ಅನುಮತಿ ಎಲ್ಲವನ್ನೂ ಫೋಲ್ಡರ್ ವಿವರದ ತುಂಡೊಂದರಲ್ಲಿ ಇಟ್ಟು ಅದನ್ನೂ ಮೂಟೆಗೆ ಹಾಕಿ. ಹೆಸರುಗಳನ್ನು ಬೈಟ್ ಕ್ರಮದಲ್ಲಿ ಜೋಡಿಸಿ ಬರೆಯಿರಿ. ಬದಲಾಗದ ಫೋಲ್ಡರ್ ಪ್ರತಿ ಸಲ ಅದೇ ಬೈಟುಗಳಾಗಬೇಕು, ಆಗಲೇ ಮತ್ತೆ ಉಳಿಸುವುದು ತಪ್ಪುತ್ತದೆ.

ಬರೆಯುವ ಕ್ರಮ, ಅಳಿಸುವ ಕ್ರಮ

ಮೊದಲು ಮೂಟೆಗಳು. ಅವು ಡಿಸ್ಕಿಗೆ ಇಳಿದದ್ದು ಖಾತ್ರಿಯಾದ ಮೇಲೆ ಇಂಡೆಕ್ಸ್. ಕೊನೆಗೆ ಸ್ನ್ಯಾಪ್‌ಶಾಟ್ ಎಂಬ ಪುಟ್ಟ ಫೈಲ್, ಇಂಥ ದಿನದ ಬ್ಯಾಕಪ್‌ನ ಬೇರು ಈ ತುಂಡು ಎಂದು ಹೇಳುವುದು. ಅದು ಅಂಗಡಿಯ ಮಾರಾಟದ ಪಟ್ಟಿಯ ಕೆಳಗಿನ ಸಹಿ ಇದ್ದಂತೆ; ಸಹಿ ಬೀಳುವವರೆಗೆ ಆ ದಿನದ ಬ್ಯಾಕಪ್ ಆಗಿಲ್ಲ. ಪ್ರತಿ ಫೈಲನ್ನೂ ತಾತ್ಕಾಲಿಕ ಹೆಸರಲ್ಲಿ ಬರೆದು, ಎಫ್‌ಸಿಂಕ್ ಮಾಡಿ (ಡಿಸ್ಕಿಗೆ ಇಳಿಯುವವರೆಗೆ ಕಾಯುವ ಆದೇಶ ಕೊಟ್ಟು), ಆಮೇಲೆ ನಿಜ ಹೆಸರಿಗೆ ಬದಲಿಸಿ. ನಡುವೆ ಎಲ್ಲಿ ಕರೆಂಟ್ ಹೋದರೂ ಉಳಿಯುವುದು ಒಂದಷ್ಟು ವಾರಸುದಾರರಿಲ್ಲದ ಮೂಟೆ ಮಾತ್ರ. ಅದರಿಂದ ಜಾಗ ಹಾಳಾದೀತು, ಡೇಟಾ ಅಲ್ಲ.

ಸ್ನ್ಯಾಪ್‌ಶಾಟಿನಲ್ಲಿ ಹಿಂದಿನ ಸ್ನ್ಯಾಪ್‌ಶಾಟಿನ ಗುರುತನ್ನೂ ಬರೆಯಿರಿ, ಕೊನೆಯದು ಯಾವುದೆಂದು ಅಂಗಡಿಯಲ್ಲೂ ನೆನಪಿಡಿ. ಜಾಗ ಕೊಟ್ಟವರು ಹೊಸ ಸ್ನ್ಯಾಪ್‌ಶಾಟುಗಳನ್ನು ಬಚ್ಚಿಟ್ಟು ಹಳೆಯದನ್ನೇ ತೋರಿಸಿದರೆ ಎನ್‌ಕ್ರಿಪ್ಷನ್ ಅದನ್ನು ಹಿಡಿಯುವುದಿಲ್ಲ, ಈ ಸರಪಳಿ ಹಿಡಿಯುತ್ತದೆ.

ಅಳಿಸುವುದಕ್ಕೆ ಅವಸರ ಬೇಡ. ಉಳಿಸಬೇಕಾದ ಸ್ನ್ಯಾಪ್‌ಶಾಟುಗಳಿಂದ ಶುರುಮಾಡಿ ಬೇಕಾದ ತುಂಡುಗಳನ್ನೆಲ್ಲ ಗುರುತುಹಾಕಿ. ಅರ್ಧ ಬೇಕಾದ ಮೂಟೆಯಿದ್ದರೆ ಬೇಕಾದ್ದನ್ನು ಹೊಸ ಮೂಟೆಗೆ ತುಂಬಿ, ಹೊಸ ಇಂಡೆಕ್ಸ್ ಬರೆಯಿರಿ. ಹಳೆಯ ಮೂಟೆಯನ್ನು ಕೆಲವು ದಿನ ಹಾಗೇ ಬಿಟ್ಟು ಆಮೇಲೆ ತೆಗೆಯಿರಿ, ಅದೇ ಹೊತ್ತಿಗೆ ಇನ್ನೊಂದು ಕಂಪ್ಯೂಟರ್ ಅದನ್ನು ನಂಬಿ ಬ್ಯಾಕಪ್ ಮಾಡುತ್ತಿರಬಹುದು. ಅಳಿಸುವ ಅನುಮತಿ ಅಂಗಡಿಯ ಕಂಪ್ಯೂಟರಿಗೆ ಬೇಡವೇ ಬೇಡ. ನಾನು ಬೇರೆ ಲ್ಯಾಪ್‌ಟಾಪಿನಿಂದ ಕೈಯಾರೆ ಮಾಡುತ್ತೇನೆ.

ದೃಢೀಕರಣ ಇದ್ದರೆ ಕೆಟ್ಟದ್ದು ಗೊತ್ತಾಗುತ್ತದೆಯೇ ಹೊರತು ಸರಿಯಾಗುವುದಿಲ್ಲ. ಎರಡನೇ ಪ್ರತಿ ಬೇರೆ ಕಟ್ಟಡದಲ್ಲಿರಲಿ.

ರಚನೆಯನ್ನು ಬರೆದಿಡಿ, ಮುರಿದು ನೋಡಿ

ಪ್ರತಿ ಬೈಟಿನ ಅರ್ಥ ಹೇಳುವ ಒಂದು ಸಾದಾ ಪಠ್ಯ ಫೈಲನ್ನು ಎನ್‌ಕ್ರಿಪ್ಟ್ ಮಾಡದೆ ಭಂಡಾರದೊಳಗೇ ಇಡಿ. ಸಂಖ್ಯೆಗಳ ಬೈಟ್ ಕ್ರಮ ಯಾವುದು, ಎಚ್‌ಕೆಡಿಎಫ್‌ಗೆ ಕೊಟ್ಟ ಪದ ಯಾವುದು ಎಂಬಂಥ ಸಣ್ಣ ವಿವರವೂ ಅದರಲ್ಲಿರಲಿ. ಆಮೇಲೆ ನಿಮ್ಮ ಮುಖ್ಯ ಪ್ರೋಗ್ರಾಮಿನ ಒಂದು ಸಾಲನ್ನೂ ನೋಡದೆ, ಆ ಪಠ್ಯ ಒಂದನ್ನೇ ಓದಿ, ಬೇರೆ ಭಾಷೆಯಲ್ಲಿ ಬರೀ ಓದುವ ಪುಟ್ಟ ಪ್ರೋಗ್ರಾಂ ಬರೆಯಲು ಗೆಳೆಯರಿಗೆ ಹೇಳಿ. ನನ್ನದನ್ನು ಒಬ್ಬ ಗೆಳತಿ ಪೈಥಾನಿನಲ್ಲಿ ಬರೆದರು. ಪಠ್ಯದಲ್ಲಿ ನಾನು ಬಿಟ್ಟಿದ್ದ ನಾಲ್ಕು ವಿಷಯ ಅವರ ಪ್ರಶ್ನೆಗಳಿಂದಲೇ ತಿಳಿಯಿತು. ಗೊತ್ತಿಲ್ಲದ ಆವೃತ್ತಿ ಸಂಖ್ಯೆ ಕಂಡರೆ ಓದುವ ಪ್ರೋಗ್ರಾಂ ಊಹೆ ಮಾಡದೆ ನಿಲ್ಲಬೇಕು ಎಂಬುದು ಅದರಲ್ಲೊಂದು.

ಷೋಡಶಮಾನದಲ್ಲಿ ಬರೆದ ಮೂಲಕೀಲಿಯ 64 ಅಕ್ಷರಗಳನ್ನೂ ಆ ಪಠ್ಯವನ್ನೂ ಕಾಗದದ ಮೇಲೆ ಅಚ್ಚು ಹಾಕಿ. ಅಂಗಡಿಯಲ್ಲಿ ಅದು ತಿಜೋರಿಯಲ್ಲಿ, ಹಳೆಯ ಕಿರ್ದಿ ಪುಸ್ತಕಗಳ ಪಕ್ಕ ಮುಚ್ಚಿದ ಲಕೋಟೆಯಲ್ಲಿದೆ. ಪ್ರತಿ ಅಮಾವಾಸ್ಯೆ ಅಂಗಡಿ ಪೂಜೆ ಮುಗಿದ ಮೇಲೆ ನಾನು ಭಂಡಾರದ ಒಂದು ನಕಲು ತೆಗೆದುಕೊಂಡು, ಒಂದು ಮೂಟೆಯಲ್ಲಿ ಒಂದು ಬೈಟ್ ಬದಲಿಸುತ್ತೇನೆ, ಇನ್ನೊಂದನ್ನು ಅರ್ಧಕ್ಕೆ ಕತ್ತರಿಸುತ್ತೇನೆ, ಇಂಡೆಕ್ಸ್ ಫೋಲ್ಡರನ್ನು ಪೂರ್ತಿ ಅಳಿಸುತ್ತೇನೆ. ಕೆಟ್ಟ ಎರಡು ಮೂಟೆಯ ಹೆಸರನ್ನು ಪ್ರೋಗ್ರಾಂ ಹೇಳಬೇಕು, ಬಾಲಗಳಿಂದ ಇಂಡೆಕ್ಸನ್ನು ಮತ್ತೆ ಕಟ್ಟಬೇಕು. ಆಮೇಲೆ ಗುಮಾಸ್ತರು ಹೋದ ವರ್ಷದ ಯಾವುದಾದರೂ ಒಂದು ತಾರೀಖು ಹೇಳುತ್ತಾರೆ. ಆ ದಿನದ ಪಟ್ಟಿಗಳನ್ನು ನಕಲಿನಿಂದ ತೆಗೆದು, ಅವರ ಮುಂದಿರುವ ಕಾಗದದ ಜೊತೆ ಮೊತ್ತ ತಾಳೆ ನೋಡುತ್ತೇವೆ.